ಅಲ್ಪೋದಕದ ಹಿತ್ತಲು

ಸವಣೂರಿನ ದೊಡ್ಡಹುಣಸೆಯ ಮರಗಳನ್ನು ಕಾಣದ ವಾಚಕರು ನಮ್ಮ ಸೀಮೆಯಲ್ಲಿ ವಿರಳರೆಂದೇ ಹೇಳಬೇಕು. ಕಲ್ಮಠದ ಆವರಣದಲ್ಲಿರುವ ಆ ಮೂರು ಮರಗಳನ್ನು ಪ್ರಥಮತಃ ಕಂಡವನಿಗೆ, ಮೂರು ಆನೆಗಳು ನೆಲದೊಳಗಿಂದ ಅರ್ಧ ಮೇಲೆದ್ದು ನಿಂತಂತೆ ತೋರುವದು. ಹೆಸರು ಹುಣಸೆಯೆಂದಾದರೂ ನಮ್ಮ ಸಾರಿನ ಹುಣಸೆಗೂ ಇದಕ್ಕೂ ಕುಲಸಂಬಂಧವೇನೂ ಇಲ್ಲ. ಕಾಯಿಯ ಒಳಗಣ ತಿರುಳು ಹುಳಿಯಾಗಿರುವದರಿಂದ ಜನರು ಹಾಗೆ ಕರೆದರು. ಇದು ಆಫ್ರಿಕಾ ಖಂಡದ ಬಾವೋಬಾಬ್ ವೃಕ್ಷ. ಎಂದೋ ಯಾರೋ ತಂದು ನೆಟ್ಟದ್ದು. ಅದರ ಬಗೆಗೆ ಊರಿನಲ್ಲಿ ಬಗೆಬಗೆಯ ಐತಿಹ್ಯಗಳುಂಟು. ಬಿಸಿಲುಗಾಲ ಬಂತೆಂದರೆ ಎಲೆಗಳನ್ನೆಲ್ಲ ಉದುರಿಸಿ, ಕಾಂಡದ ಮೆತ್ತನೆಯ ಕಟ್ಟಿಗೆಯಲ್ಲಿ ಮಳೆಗಾಲದ ನೀರನ್ನು ಕೂಡಿಟ್ಟುಕೊಂಡು, ಯಾರಿಂದಲೂ ಒಂದು ತಂಬಿಗೆ ನೀರು ಕೇಳದೆ ಅದು ನಿಲ್ಲುವದು. ಆ ಮೂರರಲ್ಲಿ ಒಂದು ಮರವು 2023ರ ಜುಲೈ ತಿಂಗಳಲ್ಲಿ ಉರುಳಿಬಿದ್ದು, ಅದನ್ನು ಮತ್ತೆ ಎತ್ತಿ ನೆಡುವ ಪ್ರಯತ್ನವು ನಡೆಯಿತು. ಬಿದ್ದದ್ದು ಬೇಸಗೆಯಲ್ಲಲ್ಲ, ಮಳೆಗಾಲದಲ್ಲಿ ಎಂಬದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಈ ಮಾತಿನ ಪ್ರಯೋಜನವಿದೆ.

ಇದೇ ಸವಣೂರು ಇನ್ನೊಂದು ಸಸ್ಯದಿಂದಲೂ ಪ್ರಸಿದ್ಧಿಯನ್ನು ಪಡೆದಿದೆ. ಅದು ವೀಳ್ಯದೆಲೆಯ ಬಳ್ಳಿ. ನೆರಳು ಬೇಕು, ತಂಪು ಬೇಕು, ಬುಡದಲ್ಲಿ ಸದಾ ಹಸಿ ಇರಬೇಕು. ಎರಡು ದಿನ ನೀರು ತಪ್ಪಿದರೆ ಮುಖ ಬಾಡಿಸುವ ಸ್ವಭಾವ ಅದರದು. ಒಂದೇ ಊರಿನಲ್ಲಿ ನೀರು ಬೇಡದ ಮರವೂ ನೀರಿಲ್ಲದೆ ಬದುಕದ ಬಳ್ಳಿಯೂ ಕೂಡಿ ಕೀರ್ತಿಯನ್ನು ಪಡೆದಿರುವದು ನಮಗೆ ಬಹುಕಾಲ ಬರಿಯ ವಿನೋದವಾಗಿ ತೋರುತ್ತಿತ್ತು. ಅದರಲ್ಲಿ ಕಲಿಯುವದೇನಾದರೂ ಇದ್ದೀತೆಂದು ನಮಗೆ ಹೊಳೆದದ್ದು ನಮ್ಮ ಮನೆಯ ಕೊಳವೆ ಬಾವಿ ಬತ್ತಿದ ಮೇಲೆ.

ನಾವು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಶಾಲೆಗಳಲ್ಲಿಯೇ ಸಂಸ್ಕೃತ ಕನ್ನಡಗಳನ್ನು ಕಲಿಸುತ್ತ ಕಾಲ ಕಳೆದವರು. ನಿವೃತ್ತರಾದ ಮೇಲೆ ಸವಣೂರು ತಾಲೂಕಿನ ಅಂಚಿನ ಒಂದು ಊರಿನಲ್ಲಿ, ಹಿರಿಯರ ಮನೆಯನ್ನು ದುರಸ್ತಿ ಮಾಡಿಸಿಕೊಂಡು ನೆಲೆನಿಂತೆವು. ಮನೆಯ ಮುಂದೆ ಸುಮಾರು 500 ಚದರ ಅಡಿಯ ತೆರಪು. ಬೆಂಗಳೂರಿನಲ್ಲಿ ನಂಟರ ಮನೆಯ ಮುಂದೆ ಹಸುರು ಹುಲ್ಲುಹಾಸನ್ನು ನೋಡಿ ಬಂದ ನಮಗೆ ಅಂಥದೇ ಆಗಬೇಕೆಂಬ ಹಂಬಲ ಹತ್ತಿತು. ಹುಲ್ಲು ಹಾಸಿಸಿದೆವು, ಸುತ್ತಲೂ ಕಸಿಗುಲಾಬಿಗಳನ್ನು ನೆಡಿಸಿದೆವು, ಆರು ಕುಂಡಗಳಲ್ಲಿ ಪರದೇಶದ ಸುಗಂಧಸಸ್ಯವಾದ ಲ್ಯಾವೆಂಡರನ್ನೂ ತಂದಿಟ್ಟೆವು. ಹೊಸ ಪಿಂಚಣಿದಾರನ ಕೈಯಲ್ಲಿ ವೇಳೆಯೂ ಹಣವೂ ಒಮ್ಮೆಲೆ ಕೂಡಿದರೆ ಏನಾಗುವದೋ ಅದೇ ಆಯಿತು.

ಅಷ್ಟರಲ್ಲಿ 2023ರ ಮುಂಗಾರು ಕೈಕೊಟ್ಟಿತು. ಆ ವರ್ಷ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸರಕಾರವು ಸಾರಿದ್ದನ್ನು ವಾಚಕರು ಮರೆತಿರಲಾರರು. ಮುಂದಿನ ಫಾಲ್ಗುಣದ ಹೊತ್ತಿಗೆ ನಮ್ಮ ಬಾವಿ ಕೆಸರು ಕಾರಿ ಸುಮ್ಮನಾಯಿತು. ಮಗಳ ಬಾಣಂತನಕ್ಕೆಂದು ತೆಗೆದಿರಿಸಿದ ಹಣವನ್ನು ತೆಗೆದು ನಾವು ಎರಡನೆಯ ಬಾವಿಯನ್ನು ಕೊರೆಯಿಸಿದೆವು. 500 ಅಡಿಯವರೆಗೆ ಬಿಳಿಯ ಧೂಳಿಯ ಹೊರತು ಬೇರೇನೂ ಬರಲಿಲ್ಲ. ಈ ಸಂಗತಿಯನ್ನು ಬರೆಯಲು ನಮಗೆ ಸಂತೋಷವಿಲ್ಲ. ಆದರೆ ಇದನ್ನು ಮುಚ್ಚಿಟ್ಟು ಮುಂದಿನ ಉಪದೇಶವನ್ನು ಮಾಡುವದು ಸರಿಯಲ್ಲ. ಟ್ಯಾಂಕರಿನ ನೀರು ಬಂದ ದಿನ ನಾವು ಸಂಜೆಗೆ ಹುಲ್ಲಿಗೆ ಪೈಪು ಹಿಡಿದಿದ್ದೆವು. ಮನೆಯವರು ಬಾಗಿಲಲ್ಲಿ ನಿಂತು ನೋಡಿ, “ಮಂದಿ ಕೊಡ ಹಿಡಕೊಂಡು ಪಾಳಿ ಹಚ್ಯಾರ. ನಾಳೆ ಮಗಳು ಹೊಟ್ಟಿಲೆ ಬರತಾಳ. ಹುಲ್ಲಿಗೆ ನೀರು ಬಿಡೋದು ಚಂದ ಕಾಣತೈತೇನ್ರೀ?” ಎಂದರು. ನಾವು ಪೈಪನ್ನು ಕೆಳಗಿಟ್ಟೆವು. ಹುಲ್ಲು ಹನ್ನೆರಡು ದಿನಗಳಲ್ಲಿ ಒಣಗಿತು. ಗುಲಾಬಿಗಳು ತಿಂಗಳು ಹಿಡಿದವು.

ಅದೇ ವೇಳೆಯಲ್ಲಿ ಮನೆಯ ಹಿಂದೆ, ನಾವು ಎಂದೂ ಕಾಲಿಡದ ಬಚ್ಚಲ ಮಗ್ಗುಲಲ್ಲಿ, ನಮ್ಮ ಮನೆಯವರು ತಮ್ಮಷ್ಟಕ್ಕೆ ತಾವು ಬೆಳೆಸಿಕೊಂಡ ಹಿತ್ತಲು ಹಸುರಾಗಿಯೇ ಇತ್ತು. ನುಗ್ಗೆಯ ಮರ ಒಂದು, ಕರಿಬೇವು ಒಂದು, ಚಪ್ಪರದ ಮೇಲೆ ತೊಂಡೆ, ನಾಲ್ಕು ಸಾಲು ಚವಳಿಕಾಯಿ, ಮೂಲೆಗೆ ಪುಂಡಿ, ಬೇಲಿಗುಂಟ ಕಣಗಿಲೆಯೂ ನಿತ್ಯಪುಷ್ಪವೂ. ಮಗಳು ಮನೆಯಲ್ಲಿದ್ದ ಮೂರು ತಿಂಗಳು ಪೇಟೆಯ ಕಾಯಿಪಲ್ಲೆಯ ಬೆಲೆ ಕೇಳುವಂತಿರಲಿಲ್ಲ. ಬಾಣಂತಿಯ ತಾಟಿಗೆ ತಪ್ಪಲುಪಲ್ಲೆ ಬಂದದ್ದು ಆ ಹಿತ್ತಲಿನಿಂದ. ಅಂದಿನಿಂದ ನಾವು ಅದರ ವಿದ್ಯಾರ್ಥಿಗಳಾಗಿದ್ದೇವೆ. ಕಲಿತಷ್ಟನ್ನು ಇಲ್ಲಿ ನಿವೇದಿಸುವೆವು.

ಮೊದಲು ಲೆಕ್ಕ. ಬೇಸಗೆಯಲ್ಲಿ ಹುಲ್ಲುಹಾಸು ಹಸುರಾಗಿರಬೇಕಾದರೆ ಒಂದು ಚದರ ಮೀಟರಿಗೆ ದಿನಕ್ಕೆ ಹೆಚ್ಚು ಕಡಿಮೆ 5 ಲೀಟರು ನೀರು ಬೇಕು. ನಮ್ಮ 500 ಚದರ ಅಡಿಯೆಂದರೆ 46 ಚದರ ಮೀಟರು. ಅಂದ ಬಳಿಕ ದಿನವೊಂದಕ್ಕೆ 230 ಲೀಟರು, ಹದಿನೈದು ಕೊಡಗಳಿಗೂ ಮೇಲು. ಅದರಿಂದ ಬರುವ ಫಲವೇನು? ಆಕಳಿಗೆ ಒಂದು ಹೊರೆ ಹುಲ್ಲು ಸಹ ಇಲ್ಲ. ಇನ್ನು ಐದು ಜನರ ಮನೆಯಲ್ಲಿ ಸ್ನಾನದ ನೀರೊಂದೇ ದಿನಕ್ಕೆ 80ರಿಂದ 100 ಲೀಟರು ಬಚ್ಚಲಿನಿಂದ ಹೊರಗೆ ಹರಿಯುವದು. ಹಿತ್ತಲು ಬದುಕಿದ್ದು ಆ ನೀರಿನಿಂದಲೇ. ಮಾಳಿಗೆಯ ಲೆಕ್ಕವನ್ನೂ ಹೇಳಿಬಿಡುವೆವು: ಹತ್ತು ಮೀಟರು ಉದ್ದ, ಹತ್ತು ಮೀಟರು ಅಗಲದ ಮಾಳಿಗೆಯ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ 100 ಲೀಟರು. ಮಳೆ ಕಡಿಮೆಯಾದ ವರ್ಷವೂ 500 ಮಿಲಿಮೀಟರು ಬಿದ್ದೀತೆಂದರೆ 50,000 ಲೀಟರು ನಮ್ಮ ತಲೆಯ ಮೇಲೆಯೇ ಸುರಿದು ಗಟಾರಕ್ಕೆ ಹೋಗುವದು. ಕೊರೆದ ಬಾವಿಗೆ ಸುರಿದ ಹಣದ ಕಾಲುಭಾಗದಲ್ಲಿ ಅದನ್ನು ಹಿಡಿದಿಡುವ ತೊಟ್ಟಿಯು ಆಗುತ್ತಿತ್ತು. ಆಗ ಈ ಗುಣಾಕಾರವನ್ನು ನಾವು ಮಾಡಲಿಲ್ಲ. ನಾವು ಗಣಿತದ ಶಿಕ್ಷಕರಲ್ಲವೆಂಬ ನೆಪ ಇಲ್ಲಿ ಸಲ್ಲದು.

ಎರಡನೆಯದು ನೆಲ. ಈ ನಾಲ್ಕು ತಾಲೂಕುಗಳು ನಕಾಶೆಯಲ್ಲಿ ಅಂಗೈಯಗಲವಾದರೂ ನೆಲ ಒಂದೇ ಅಲ್ಲ, ಮಳೆಯೂ ಒಂದೇ ಅಲ್ಲ. ಹಾನಗಲ್ಲಿನ ಪಡುವಣಭಾಗವು ಮಲೆನಾಡಿನ ಸೆರಗು. ಬತ್ತ, ಅಡಿಕೆ, ಮಾವು ಅಲ್ಲಿ ಸಲೀಸಾಗಿ ಬರುತ್ತವೆ. ಮೂಡಣಕ್ಕೆ ಸವಣೂರಿನ ಕಡೆಗೆ ಬಂದಂತೆ ಮಳೆ ತೆಳುವಾಗುತ್ತ ಎರೆನೆಲ ಹೆಚ್ಚುತ್ತದೆ. ಶಿಗ್ಗಾಂವಿಯಲ್ಲಿ ಎರಡೂ ಉಂಟು. ಹಿರೇಕೆರೂರಿನಲ್ಲಿ ಕೆಂಪುಮಣ್ಣಿನ ದಿಬ್ಬಗಳು ಹೆಚ್ಚು. ಕುಮುದ್ವತಿಯ ನೀರನ್ನು ಕಟ್ಟಿದ ಮದಗ-ಮಾಸೂರಿನ ಕೆರೆಯು ಆ ಸೀಮೆಯ ಹಿರಿಯರ ಜಾಣ್ಮೆಗೆ ಸಾಕ್ಷಿ. ಕೆಂಪುಮಣ್ಣು ನೀರನ್ನು ಬೇಗ ಕುಡಿದು ಬೇಗ ಬಿಡುವದು. ಅಂಥ ಹಿತ್ತಲಿಗೆ ಕೆರೆಯ ಹೂಳನ್ನೂ ಕೊಟ್ಟಿಗೆಗೊಬ್ಬರವನ್ನೂ ಕೂಡಿಸಿದರೆ ಹಸಿ ನಿಲ್ಲುವದು. ಎರೆಮಣ್ಣಿನ ರೀತಿಯೇ ಬೇರೆ. ಮಳೆಗಾಲದಲ್ಲಿ ಅದು ಉಬ್ಬಿ ಬೇರುಗಳನ್ನು ಉಸಿರುಗಟ್ಟಿಸುವದು. ಬೇಸಗೆಯಲ್ಲಿ ಬಿರುಕು ಬಿಟ್ಟು ಆ ಬೇರುಗಳನ್ನೇ ಹರಿಯುವದು, ಬಿರುಕಿನ ಬಾಯಿಂದ ಒಳಗಿನ ಹಸಿಯೂ ಹಾರಿಹೋಗುವದು. ಒಕ್ಕಲಿಗನು ಬೆಳೆಯ ನಡುವೆ ಎಡೆ ಹೊಡೆಯುವದು ಬರಿಯ ಕಳೆ ತೆಗೆಯುವದಕ್ಕಲ್ಲ. ಮೇಲಿನ ಎರಡು ಬೆರಳು ಮಣ್ಣು ಪುಡಿಯಾಗಿ ಬಿರುಕುಗಳ ಬಾಯಿ ಮುಚ್ಚಲೆಂದು. ಹಿತ್ತಲಲ್ಲಿ ಈ ಕೆಲಸವನ್ನು ಕುರ್ಚಿಗೆಯಿಂದ ಮಾಡಬಹುದು. ಆಮೇಲೆ ಒಣ ಎಲೆ, ಕಬ್ಬಿನ ರವದಿ, ಗೋವಿನಜೋಳದ ಸಿಪ್ಪೆ, ಏನು ಸಿಕ್ಕರೆ ಅದನ್ನು ನಾಲ್ಕು ಬೆರಳು ದಪ್ಪ ಹೊದಿಸಬೇಕು. ಇದೊಂದು ಹೊದಿಕೆಯಿಂದ ನಮ್ಮ ನೀರೆರೆಯುವ ಪಾಳಿಯು ದಿನ ಬಿಟ್ಟು ದಿನ ಇದ್ದದ್ದು ನಾಲ್ಕು ದಿನಕ್ಕೊಮ್ಮೆಯಾಯಿತು. ಒಂದು ಎಚ್ಚರಿಕೆ: ಹೊದಿಕೆಯನ್ನು ಗಿಡದ ಬುಡಕ್ಕೆ ತಾಗಿಸಬಾರದು, ಗೆದ್ದಲು ಹತ್ತುವದು.

ಮಣ್ಣನ್ನು ಹದಮಾಡುವ ವಿಷಯದಲ್ಲಿ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಒಂದು ಯುಕ್ತಿ ಇದೆ. ಆರನೆಯ ಶತಮಾನದ ಆ ಜ್ಯೋತಿಷಿಯು ವೃಕ್ಷಾಯುರ್ವೇದದ ಅಧ್ಯಾಯದಲ್ಲಿ, ಮೊದಲು ನೆಲದಲ್ಲಿ ಎಳ್ಳನ್ನು ಬಿತ್ತಿ ಅದು ಹೂವಿಗೆ ಬಂದಾಗ ಅಲ್ಲಿಯೇ ತುಳಿದು ಸೇರಿಸಬೇಕೆನ್ನುತ್ತಾನೆ. ನಾವು ಇದನ್ನು ಮೂವತ್ತು ವರ್ಷ ಓದಿಸಿದೆವು. ಒಮ್ಮೆಯೂ ಎಳ್ಳು ಬಿತ್ತಿ ನೋಡಲಿಲ್ಲ. ಹುಲ್ಲು ಸತ್ತ ಜಾಗದಲ್ಲಿ ಮುಂದಿನ ಮಳೆಗಾಲಕ್ಕೆ ಅರ್ಧಕ್ಕೆ ಎಳ್ಳನ್ನೂ ಅರ್ಧಕ್ಕೆ ಸೆಣಬನ್ನೂ ಬಿತ್ತಿ, ಹೂವಾದೊಡನೆ ಕಡಿದು ಮಣ್ಣಿಗೆ ಕೂಡಿಸಿದೆವು. ಎರಡೂ ಕಡೆ ಮಣ್ಣು ಹೂವಿನಂತಾಯಿತು; ಸೆಣಬಿನ ಕಡೆ ತುಸು ಹೆಚ್ಚು. ಅದೇ ಅಧ್ಯಾಯದಲ್ಲಿ ನೆಟ್ಟ ಗಿಡಕ್ಕೆ ಬೇಸಗೆಯಲ್ಲಿ ಬೆಳಿಗ್ಗೆ ಸಂಜೆ, ಚಳಿಗಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ನೆಲ ಒಣಗಿದಾಗ ಮಾತ್ರ ನೀರೆರೆಯಬೇಕೆಂದಿದೆ. ಇದು ಹೊಸದಾಗಿ ನೆಟ್ಟ ಗಿಡದ ಮಾತು. ಬೇರೂರಿದ ಮೇಲೆ ಇಷ್ಟು ಬೇಡ. ನಮ್ಮ ಕನ್ನಡದಲ್ಲಿಯೂ ಹನ್ನೊಂದನೆಯ ಶತಮಾನದಲ್ಲಿ ಚಾಳುಕ್ಯ ಜಯಸಿಂಹನ ಕಾಲದ ಎರಡನೆಯ ಚಾವುಂಡರಾಯನು ಲೋಕೋಪಕಾರವೆಂಬ ಗ್ರಂಥದಲ್ಲಿ ಅಡಿಗೆ, ವೈದ್ಯ, ಜಲಶೋಧನೆಗಳ ಜೊತೆಗೆ ವೃಕ್ಷಾಯುರ್ವೇದವನ್ನೂ ಹೇಳಿದ್ದಾನೆ. ಅಡಿಗೆಯನ್ನೂ ಗಿಡಗಳ ಆರೈಕೆಯನ್ನೂ ಒಂದೇ ಪುಸ್ತಕದಲ್ಲಿ ಕೂಡಿಸಿದ್ದು ಗೃಹಸ್ಥನ ಬುದ್ಧಿ.

ಇನ್ನು ಹೂಗಳು. ಇವುಗಳಲ್ಲಿ ಕಣಗಿಲೆಗೆ ನಾವು ಅಗ್ರಸ್ಥಾನವನ್ನು ಕೊಡುವೆವು. ಸಂಸ್ಕೃತದ ಕರವೀರವೇ ಇದು. ವಿಶೇಷವೇನಂದರೆ, ಗ್ರೀಸ್, ಇಟಲಿ, ಸ್ಪೇನ್ ಮುಂತಾದ ಮೆಡಿಟರೇನಿಯನ್ ಸಮುದ್ರದ ಸುತ್ತಣ ದೇಶಗಳಲ್ಲಿ ಒಣಹಳ್ಳಗಳ ದಂಡೆಗೆ ತಾನಾಗಿ ಬೆಳೆಯುವ ಗಿಡವೂ ಇದುವೇ. ಅಲ್ಲಿಂದ ನಮ್ಮ ದೇಶದವರೆಗೆ ಒಂದೇ ಕುಲವು ಹಬ್ಬಿದೆ. ಇದರ ಎಲೆಯ ಕೆಳಮೈಯನ್ನು ಭೂತಕನ್ನಡಿಯಿಂದ ನೋಡಿದರೆ ಸಣ್ಣ ಕುಳಿಗಳು ಕಾಣುವವು. ಉಸಿರಾಡುವ ರಂಧ್ರಗಳು ಆ ಕುಳಿಗಳ ಒಳಗಿದ್ದು, ಮೇಲೆ ರೋಮಗಳ ಮುಚ್ಚಳ. ಬಿಸಿಗಾಳಿ ನೇರವಾಗಿ ತಾಗದಿರುವದರಿಂದ ನೀರು ಹೊರಬೀಳುವದು ಕಡಿಮೆ. ವರ್ಷದ ಬಹುಭಾಗ ಹೂವುಂಟು, ಪೂಜೆಗೂ ಸಲ್ಲುವದು. ಆದರೆ ಅಮರಕೋಶವನ್ನು ಓದಿದವರು ಇದರ ಇನ್ನೊಂದು ಹೆಸರನ್ನು ಮರೆಯಬಾರದು: ಹಯಮಾರಕ, ಎಂದರೆ ಕುದುರೆಯನ್ನು ಕೊಲ್ಲುವಂಥದು. ಎಲೆ, ಹೂ, ತೊಗಟೆ, ಹಾಲು ಎಲ್ಲವೂ ವಿಷ. 2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿಯು ನೈವೇದ್ಯಪ್ರಸಾದಗಳಲ್ಲಿ ಈ ಹೂವನ್ನು ಬಳಸಕೂಡದೆಂದು ನಿರ್ಣಯಿಸಿತು. ಅದು ಸರಿಯಾದ ನಿರ್ಣಯವೆಂದೇ ನಮ್ಮ ಮತ. ದೇವರ ತಲೆಯ ಮೇಲೆ ಏರಿಸಿರಿ. ಪ್ರಸಾದದ ತಟ್ಟೆಯಲ್ಲಿ ಬೇಡ. ಅಂಬೆಗಾಲಿಡುವ ಮಕ್ಕಳಿರುವ ಮನೆಯವರು ಇದನ್ನು ಬೇಲಿಯ ಹೊರಮಗ್ಗುಲಿಗೆ ನೆಡಬೇಕು. ಕತ್ತರಿಸಿದ ಟೊಂಗೆಗಳನ್ನು ದನದ ಗ್ವಾದಲಿಯ ಹತ್ತಿರ ಒಗೆಯಬಾರದು, ಒಲೆಗೂ ಇಡಬಾರದು. ಮೊಮ್ಮಗನು ಹುಟ್ಟಿದ ಮೇಲೆ ನಮ್ಮ ಎರಡು ಕಣಗಿಲೆಗಳು ಸ್ಥಳಾಂತರಗೊಂಡವು.

ನಿತ್ಯಪುಷ್ಪವು ಮಡಗಾಸ್ಕರ ದ್ವೀಪದಿಂದ ಬಂದು ನಮ್ಮ ಸ್ಮಶಾನಗಳ ಗೋಡೆಯ ಸಂದಿನಲ್ಲಿ ಸಹ ನೆಲೆಯೂರಿದ ಗಿಡ. ಇದರಿಂದ ತೆಗೆದ ಸತ್ತ್ವಗಳು ರಕ್ತದ ಅರ್ಬುದರೋಗಕ್ಕೆ ಔಷಧಗಳಾಗಿವೆ. ಆದರೆ ಅದು ವೈದ್ಯರ ಕೆಲಸ, ಮನೆಯಲ್ಲಿ ಕಷಾಯ ಕಾಸುವದಲ್ಲ. ಕಾಗದದ ಹೂವು ಬ್ರಾಝಿಲ್ ದೇಶದ್ದು; 1766ರಿಂದ 1769ರವರೆಗೆ ಭೂಪ್ರದಕ್ಷಿಣೆ ಮಾಡಿದ ಫ್ರೆಂಚ್ ನಾವಿಕ ಬುಗೆನ್ವಿಲನ ಹೆಸರನ್ನು ಹೊತ್ತಿದೆ. ಅದಕ್ಕೆ ನೀರು ಹೆಚ್ಚಾದರೆ ಬರಿಯ ಎಲೆ, ಕಡಿಮೆಯಾದರೆ ಮೈತುಂಬ ಬಣ್ಣ. ಗೋರಂಟೆಯ ಹೂವನ್ನು (ಕೈಗೆ ಹಚ್ಚುವ ಮದರಂಗಿಯಲ್ಲ) ಈಗಿನವರು ಮರೆಯುತ್ತಿದ್ದಾರೆ. ಕೆಂಪಾದರೆ ಕುರವಕ, ಹಳದಿಯಾದರೆ ಕುರಂಟಕ ಎಂದು ಅಮರಸಿಂಹನು ಬಣ್ಣಬಣ್ಣಕ್ಕೆ ಹೆಸರಿಟ್ಟ ಮನೆತನದ್ದು. ಮಳೆ ನಿಂತ ಮೇಲೆ ದೀಪಾವಳಿಯ ಸುತ್ತ ಅರಳಿ, ಮುಂದೆ ಬೇಸಗೆಯುದ್ದಕ್ಕೂ ಒಂದು ಹನಿ ಕೇಳದು. ಶಂಖಪುಷ್ಪ, ದೇವಕಣಗಿಲೆ, ನಂದಿಬಟ್ಟಲು, ಬಿಳಿಯ ಎಕ್ಕೆ, ಲೋಳೆಸರ ಇವೆಲ್ಲ ಇದೇ ಪಂಕ್ತಿಯವು. ಇವುಗಳಲ್ಲಿ ಲೋಳೆಸರದ ನಡೆ ವಿಚಿತ್ರವಾದದ್ದು. ಹಗಲೆಲ್ಲ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತಂಪಿನಲ್ಲಿ ತೆರೆದು ಗಾಳಿಯನ್ನು ಒಳಗೆ ತೆಗೆದುಕೊಂಡು, ಮರುದಿನ ಬಿಸಿಲಿನಲ್ಲಿ ಬಾಗಿಲು ತೆರೆಯದೆ ಅಡಿಗೆ ಮಾಡಿಕೊಳ್ಳುವದು. ಕಳ್ಳಿಗಳದೂ ಇದೇ ಕ್ರಮ.

ಈಗ ಲ್ಯಾವೆಂಡರಿನ ಕಥೆ. ಪುಸ್ತಕಗಳಲ್ಲಿ ಅದನ್ನು ಬರ ಸಹಿಸುವ ಗಿಡವೆಂದೇ ಬರೆದಿದೆ. ಅದು ಸುಳ್ಳೂ ಅಲ್ಲ. ಆದರೆ ನಮ್ಮ ಆರು ಗಿಡಗಳಲ್ಲಿ ಐದು ಸತ್ತದ್ದು ಬರದಲ್ಲಲ್ಲ. 2023ರ ಆ ಕಡಿಮೆ ಮಳೆಗಾಲದಲ್ಲಿಯೂ ಜುಲೈ ತಿಂಗಳಲ್ಲಿ ಹಿಡಿದ ಜಡಿಯಲ್ಲಿ. ಬುಡ ಕಪ್ಪಾಗಿ, ಬೇರು ಕೊಳೆತು ಹೋದವು. ಕಾರಣವು ಆಮೇಲೆ ತಿಳಿಯಿತು. ಮೆಡಿಟರೇನಿಯನ್ ಹವೆಯಲ್ಲಿ ಮಳೆ ಬೀಳುವದು ಚಳಿಗಾಲದಲ್ಲಿ. ಬೇಸಗೆ ಪೂರಾ ಒಣ. ಅಲ್ಲಿಯ ಗಿಡಗಳಿಗೆ ನೀರು ಮತ್ತು ಸೆಕೆ ಎಂದೂ ಕೂಡಿ ಬರುವದಿಲ್ಲ. ನಮ್ಮಲ್ಲಿಯಾದರೋ ಜೇಷ್ಠದಿಂದ ಆಶ್ವೀಜದವರೆಗೆ ಸೆಕೆಯ ಬೆನ್ನಿಗೇ ಮಳೆ. ಬೂಷ್ಟಿಗೆ ಅದು ಹಬ್ಬ. ಅಂದರೆ ಬರವನ್ನು ತಾಳುವ ಶಕ್ತಿ ಒಂದು, ನಮ್ಮ ಶ್ರಾವಣವನ್ನು ತಾಳುವ ಶಕ್ತಿ ಇನ್ನೊಂದು. ಎರಡೂ ಇರುವ ಗಿಡವೇ ನಮ್ಮದು. ಕಣಗಿಲೆಯು ಎರಡನ್ನೂ ಬಲ್ಲದು, ಲ್ಯಾವೆಂಡರು ಒಂದನ್ನೇ. ಗಿಡ ಮಾರಿದವನು ಇದನ್ನು ಹೇಳಲಿಲ್ಲ, ನಾವೂ ಕೇಳಲಿಲ್ಲ. ಉಳಿದ ಆರನೆಯದನ್ನು ಅರ್ಧಕ್ಕರ್ಧ ಗರಸು ಕೂಡಿಸಿದ ಮಣ್ಣಿನಲ್ಲಿ, ಮಳೆ ಬೀಳದಂತೆ ಪಡಸಾಲೆಯ ಅಂಚಿನಲ್ಲಿ ಇಟ್ಟಿದ್ದೇವೆ. ಹೂ ಬಿಟ್ಟಿಲ್ಲ, ಎಲೆಗೆ ಪರಿಮಳವುಂಟು.

ಗರಸಿನ ಮಾತು ಬಂದದ್ದರಿಂದ ಒಂದು ಸಂಗತಿ. ಇಂಗ್ಲಂಡಿನ ಎಸೆಕ್ಸ್ ಪ್ರಾಂತದಲ್ಲಿ ಬೆತ್ ಚಾಟೋ ಎಂಬ ಮಹಿಳೆಯು 1991ರ ಸುಮಾರಿಗೆ, ವಾಹನಗಳನ್ನು ನಿಲ್ಲಿಸುತ್ತಿದ್ದ ಒಂದು ಗಟ್ಟಿನೆಲವನ್ನು ಒಡೆಯಿಸಿ ಗರಸಿನ ತೋಟವನ್ನು ಮಾಡಿದಳು. ಅಲ್ಲಿಯ ಮಳೆ ವರ್ಷಕ್ಕೆ ಸುಮಾರು 20 ಇಂಚು. ನಮ್ಮ ಸವಣೂರಿಗಿಂತ ಕಡಿಮೆ. ಗಿಡಗಳು ಬೇರೂರಿದ ಮೇಲೆ ಅವುಗಳಿಗೆ ನೀರು ಹಾಕಲೇ ಬಾರದೆಂಬದು ಆಕೆಯ ನಿಯಮ. ಆಕೆ 2018ರಲ್ಲಿ ತೀರಿಕೊಂಡಳು. ತೋಟವು ಇನ್ನೂ ಇದೆ. ಆದರೆ ನೆನಪಿರಲಿ, ಅಲ್ಲಿಯ ಬಿಸಿಲು ನಮ್ಮ ಚೈತ್ರದ ಬಿಸಿಲಲ್ಲ. ಆಕೆಯ ಗಿಡಗಳನ್ನು ನಾವು ತರಬೇಕಾಗಿಲ್ಲ. ಆಕೆಯ ಕ್ರಮವನ್ನು ತಂದರೆ ಸಾಕು. ಆಯಾ ನೆಲಕ್ಕೆ ತಕ್ಕ ಗಿಡವನ್ನು ಹುಡುಕಿ, ಮಳೆಯ ಆರಂಭಕ್ಕೆ ನೆಟ್ಟು, ಬೇರು ತಾನೇ ಆಳಕ್ಕೆ ಇಳಿಯುವಂತೆ ಬಿಡುವದು. ಗ್ರೀಸಿನವನು ಕಾರ್ತಿಕದಲ್ಲಿ ನೆಡುವನು, ನಾವು ಮೃಗಶಿರ, ಆರಿದ್ರ ಮಳೆಗಳಲ್ಲಿ ನೆಡಬೇಕು. ಜೂನ್ ಏಳೆಂಟರಿಂದ ಜುಲೈ ಮೊದಲ ವಾರದವರೆಗಿನ ಆ ನಾಲ್ಕು ವಾರಗಳಲ್ಲಿ ನೆಟ್ಟ ಗಿಡಕ್ಕೆ ಬೇಸಗೆ ಮುಟ್ಟುವ ಮೊದಲು ಒಂಬತ್ತು ತಿಂಗಳು ಕೈಯಲ್ಲಿರುತ್ತವೆ. ಯುಗಾದಿಗೆಂದು ಗಿಡ ತಂದು ನೆಡುವ ಪದ್ಧತಿ ಮಂಗಳಕರವಾದರೂ ಗಿಡಕ್ಕೆ ಮಾತ್ರ ಅಮಂಗಳ.

ಕಾಯಿಪಲ್ಲೆಗಳ ವಿಷಯಕ್ಕೆ ಬರುವೆವು. ಚವಳಿಕಾಯಿಯ ತಾಯಿಬೇರು ನೇರವಾಗಿ ಕೆಳಗಿಳಿಯುವದು. ಬಿತ್ತಿದ ಏಳೆಂಟು ವಾರಕ್ಕೆ ಕಾಯಿ. ಗೊಬ್ಬರ ಹೆಚ್ಚಾದರೆ ಎಲೆಯೇ ಬೆಳೆಯುವದಾದ್ದರಿಂದ ಬಡನೆಲವೇ ಇದಕ್ಕೆ ಮೇಲು. ಅಲಸಂದಿಯೂ ಹಾಗೆಯೇ, ಜೊತೆಗೆ ಅದರ ಹಬ್ಬುವ ಎಲೆಗಳೇ ನೆಲಕ್ಕೆ ಹೊದಿಕೆ. ತೊಗರಿಯ ನಾಲ್ಕು ಗಿಡ ಬೇಲಿಗುಂಟ ಇರಲಿ. ಹಸಿಕಾಯಿಯ ಸಾರಿನ ರುಚಿಯನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಬದನೆಯನ್ನು ಆಷಾಢದಲ್ಲಿ ನೆಟ್ಟು, ಕಾಯಿ ಬಿಡಿಸಿದ ಮೇಲೆ ಮಾಘದಲ್ಲಿ ಮೊಣಕಾಲೆತ್ತರಕ್ಕೆ ಕತ್ತರಿಸಿದರೆ ಮತ್ತೆ ಚಿಗಿತು ಎರಡನೆಯ ಫಸಲು ಕೊಡುವದು. ಬೇರು ಆಗಲೇ ಆಳದಲ್ಲಿರುವದರಿಂದ ನೀರಿನ ಖರ್ಚು ಹೊಸಗಿಡಕ್ಕಿಂತ ಕಡಿಮೆ. ಪುಂಡಿಯ ಹುಳಿ ಎಷ್ಟು ಬಿಸಿಲಿಗೂ ಮಣಿಯದು. ಕಳೆಯೆಂದು ನಾವು ಕಿತ್ತೊಗೆಯುವ ಗೋಳಿಯನ್ನು ನಮ್ಮ ಮನೆಯವರು ಬೇಳೆಯೊಡನೆ ಬೇಯಿಸಿ ಬಡಿಸುವವರೆಗೆ ಅದು ಆಹಾರವೆಂದು ನಮಗೆ ತಿಳಿದಿರಲಿಲ್ಲ. ಇಟ್ಟಿಗೆಯ ಸಂದಿಯಲ್ಲಿಯೂ ಬದುಕುವ ಆ ಸಸ್ಯವು ನೀರು ತೀರ ಕಡಿಮೆಯಾದಾಗ ಲೋಳೆಸರದಂತೆ ರಾತ್ರಿ ಉಸಿರಾಡುವ ಕ್ರಮಕ್ಕೆ ಹೊರಳಬಲ್ಲದೆಂದು ಸಸ್ಯಶಾಸ್ತ್ರಜ್ಞರು ಕಂಡಿದ್ದಾರೆ. ನುಗ್ಗೆಯ ಬಗೆಗೆ ಹೆಚ್ಚು ಬರೆಯುವದು ಪುನರುಕ್ತಿ. ಹಳೆಯ ಮರದ ಟೊಂಗೆ ನೆಟ್ಟರೂ ಬರುವದು. ಬೇಗ ಕಾಯಿ ಬೇಕೆಂಬವರಿಗೆ ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯದವರು ಹೊರತಂದ ಭಾಗ್ಯ ಎಂಬ ತಳಿಯ ಬೀಜವಿದೆ. ಟೊಮೆಟೊ, ಹೂಕೋಸು, ಬೀನ್ಸುಗಳನ್ನು ಬೇಸಗೆಯಲ್ಲಿ ಬೆಳೆಯುವ ಹಟ ಬೇಡ. ಅವುಗಳಿಗೆ ಹಿಂಗಾರಿನ ತಂಪು ಇದೆ.

ಬಚ್ಚಲ ನೀರಿನ ಬಗೆಗೆ ಎರಡು ಮಾತು. ಅರಿವೆ ಒಗೆದ ಪುಡಿಯ ನೀರನ್ನು ದಿನಾಲು ಒಂದೇ ಕಡೆ ಬಿಟ್ಟರೆ ಎರೆಮಣ್ಣು ಸವಳಾಗಿ ಗಟ್ಟಿಯಾಗುವದು. ಅದನ್ನು ಹೊರಗೆ ಬಿಡುವದೇ ಲೇಸು. ಮೈ ತೊಳೆದ ನೀರನ್ನು ಜಲ್ಲಿ ಮತ್ತು ಮರಳು ತುಂಬಿದ ಸಣ್ಣ ಗುಂಡಿಯ ಮೂಲಕ ಹಾಯಿಸಿ, ಇಂದು ಈ ಮಡಿಗೆ, ನಾಳೆ ಆ ಮಡಿಗೆ ಎಂದು ತಿರುಗಿಸಬೇಕು. ನಿಂತರೆ ಸೊಳ್ಳೆ. ಹಸಿಯಾಗಿ ತಿನ್ನುವ ತಪ್ಪಲಿಗೆ ಇದು ಸಲ್ಲದು. ಮರಗಳಿಗೂ ಚಪ್ಪರದ ಬಳ್ಳಿಗಳಿಗೂ ಸಲ್ಲುವದು. ಬಾಣಂತಿಯ ಸಬ್ಬಸಿಗೆಯ ಮಡಿಗೆ ನಮ್ಮ ಮನೆಯವರು ಅಕ್ಕಿ ಬೇಳೆ ತೊಳೆದ ನೀರನ್ನು ಪ್ರತ್ಯೇಕವಾಗಿ ಒಂದು ಬಕೀಟಿನಲ್ಲಿ ಹಿಡಿಯುತ್ತಿದ್ದರು.

ಗಡಿಗೆಯ ಉಪಾಯವನ್ನು ಮಾತ್ರ ನಾವು ಮನೆಗೆ ತಂದದ್ದೆಂದು ಹೇಳಿಕೊಳ್ಳಲು ಅಪ್ಪಣೆ ಬೇಡುತ್ತೇವೆ. ಕುಂಬಾರನ ಒಪ್ಪವಿಡದ ಮಣ್ಣಿನ ಗಡಿಗೆಯನ್ನು ಕೊರಳಿನವರೆಗೆ ನೆಲದಲ್ಲಿ ಹೂತು, ಸುತ್ತಲೂ ಹೀರೆ, ಹಾಗಲ, ಸವತೆಯ ಎರಡೆರಡು ಬೀಜಗಳನ್ನು ಊರಿ, ಗಡಿಗೆಗೆ ನೀರು ತುಂಬಿ ಬಾಯಿಗೆ ಮುಚ್ಚಳವಿಡಬೇಕು. ಮಣ್ಣು ಒಣಗಿದಷ್ಟೂ ಗಡಿಗೆಯು ಬೆವರುವದು, ಹಸಿಯಾದಾಗ ನಿಲ್ಲುವದು. ಬೇರುಗಳು ಬಂದು ಗಡಿಗೆಯನ್ನು ತಬ್ಬಿಕೊಳ್ಳುವವು. ಎರಡು ಸಾವಿರ ವರ್ಷಗಳ ಹಿಂದೆ ಚೀನದೇಶದ ಫಾನ್ ಶೆಂಗ್‌ಝಿ ಎಂಬವನ ಕೃಷಿಗ್ರಂಥದಲ್ಲಿ ಇದರ ವರ್ಣನೆ ಇದೆ. ನಮ್ಮ ಆರು ಗಡಿಗೆಗಳು ಎಂಟೆಂಟು ಲೀಟರಿನವು; ಮೂರು ದಿನಕ್ಕೊಮ್ಮೆ ತುಂಬಿದರೆ ದಿನಕ್ಕೆ 16 ಲೀಟರು, ಹನ್ನೆರಡು ಬಳ್ಳಿಗಳು. ಹುಲ್ಲಿನ 230 ಲೀಟರಿನೊಡನೆ ಹೋಲಿಸುವದನ್ನು ವಾಚಕರಿಗೆ ಬಿಟ್ಟಿದ್ದೇವೆ. ಮೆರುಗು ಕೊಟ್ಟ ಗಡಿಗೆ, ಬಣ್ಣ ಬಳಿದ ಗಡಿಗೆ ಕೆಲಸಕ್ಕೆ ಬಾರದು. ಎರಡು ವರ್ಷಕ್ಕೆ ರಂಧ್ರಗಳು ಕಟ್ಟಿಕೊಳ್ಳುತ್ತವೆ, ಹೊಸದು ಕೊಳ್ಳಬೇಕು. ಕುಂಬಾರನಿಗೂ ಬದುಕಾಗಬೇಕಲ್ಲ.

ಈ ಲೆಕ್ಕಕ್ಕೆಲ್ಲ ಹೊರತಾದದ್ದು ನಮ್ಮ ಹಿತ್ತಲಲ್ಲಿ ಒಂದಿದೆ. ಬಾವಿಕಟ್ಟೆಯ ಮಗ್ಗುಲಿನ ದುಂಡುಮಲ್ಲಿಗೆಯ ಪೊದೆ. ನಮ್ಮ ಮದುವೆಯ ವರ್ಷ ಅತ್ತೆಯವರು ಹಾನಗಲ್ಲಿನಿಂದ ಬೇರುಸಮೇತ ತಂದುಕೊಟ್ಟದ್ದು. ಮಲ್ಲಿಗೆಗೆ ಬೇಸಗೆಯೇ ಹೂವಿನ ಕಾಲ. ಆಗಲೇ ಅದಕ್ಕೆ ನೀರೂ ಬೇಕು. ಅದನ್ನು ಅಲ್ಪೋದಕದ ಗಿಡವೆಂದು ಯಾವ ಶಾಸ್ತ್ರವೂ ಒಪ್ಪಲಾರದು. 2024ರ ಆ ಚೈತ್ರದಲ್ಲಿ, ತೊಟ್ಟಿಯಲ್ಲಿ ಕುಡಿಯಲು ಮಾತ್ರ ನೀರಿದ್ದಾಗ, ಇದನ್ನು ಬಿಟ್ಟುಬಿಡುವದೇ ಯುಕ್ತವೆಂದು ನಾವು ತರ್ಕಬದ್ಧವಾಗಿ ವಿವರಿಸಿದೆವು. ಮನೆಯವರು ಎದುರಾಡಲಿಲ್ಲ. ಮಗಳು ಬಂದ ವಾರಕ್ಕೆ ಪೊದೆಯಲ್ಲಿ ಮೊಗ್ಗು ಕಂಡಿತು. ಬೆಳಗಿನ ಜಾವ ಎದ್ದು ನೋಡಿದಾಗ, ತಮ್ಮ ಮುಖ ತೊಳೆಯುವ ನೀರನ್ನು ಅವರು ತಾಟಿನಲ್ಲಿ ಹಿಡಿದು ಅದರ ಬುಡಕ್ಕೆ ಸುರಿಯುತ್ತಿದ್ದರು. ಎಷ್ಟು ದಿನಗಳಿಂದ ಎಂದು ಕೇಳಿದೆವು. “ಹೋಳಿಹುಣ್ಣಿವಿಯಿಂದ,” ಎಂದರು.

ಈಗ ಅದಕ್ಕೆ ದಿನಕ್ಕೆ ಎರಡು ತಂಬಿಗೆ ಸಲ್ಲುತ್ತವೆ. ಮಾಳಿಗೆಯ ನೀರಿನ ತೊಟ್ಟಿ ಕಳೆದ ಬೇಸಗೆಯಲ್ಲಿ ಕಟ್ಟಿ ಮುಗಿಯಿತು. ಮುಂದಿನ ರೋಹಿಣಿಗೆ ಬಿತ್ತಲು ಚವಳಿ, ಪುಂಡಿ, ಅಲಸಂದಿಗಳ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಕಟ್ಟಿಟ್ಟಿದ್ದೇವೆ. ಓಣಿಯ ಮೂರು ಮನೆಗಳವರು ಈಗಾಗಲೇ ಕೇಳಿಹೋಗಿದ್ದಾರೆ.